ಬಡಾವಣೆಯ ಹದಿನಾಲ್ಕು ರೋಹಿಣಿಗಳು

ನಾನು ಯಲಹಂಕದ ಕಡೆಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಪ್ರತಿ ವರ್ಷ ಹೊಸದಾಗಿ ಬರುವ ಮಕ್ಕಳಿಗೆ ಒಂದು ಪಾಠವನ್ನು ಮಾತ್ರ ಪುಸ್ತಕ ಮುಚ್ಚಿಟ್ಟು ಹೇಳುತ್ತೇನೆ. ಒಂದೇ ಜಾತಿಯ ಮರಗಳನ್ನು ಒತ್ತಾಗಿ ನೆಟ್ಟ ತೋಪಿಗಿಂತ, ಹಲವು ಜಾತಿ ಕಲೆತ ಕಾಡು ಸಾಮಾನ್ಯವಾಗಿ ಹೆಚ್ಚು ಬೆಳೆಯುತ್ತದೆ ಎನ್ನುವ ಪಾಠ ಅದು. ಒಂದರ ಬೇರು ಆಳಕ್ಕೆ ಇಳಿದರೆ ಇನ್ನೊಂದರದು ಮೇಲ್ಮಣ್ಣಿನಲ್ಲೇ ಹರಡುತ್ತದೆ. ಒಂದಕ್ಕೆ ಸುಡುಬಿಸಿಲು ಬೇಕು, ಇನ್ನೊಂದಕ್ಕೆ ನೆರಳೇ ಸಾಕು. ಒಂದು ಎಲೆ ಉದುರಿಸುವಾಗ ಇನ್ನೊಂದು ಚಿಗುರುತ್ತದೆ. ಹಿಂದಿನ ಬೆಂಚಿನಲ್ಲಿ ತೂಕಡಿಸುವವರನ್ನೂ ಎಬ್ಬಿಸಿ ಇಷ್ಟನ್ನು ಕೇಳಿಸಿಯೇ ಬಿಡುತ್ತೇನೆ.

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ನಮ್ಮ ಸಹಕಾರನಗರದ ಬಡಾವಣೆಯಲ್ಲಿ, ನನ್ನ ಕಣ್ಣೆದುರೇ, ಒಂದೇ ಜಾತಿಯ ಹದಿಮೂರು ಗಿಡಗಳನ್ನು ಒಂದೇ ಮೂಲೆಯಲ್ಲಿ ತುರುಕಿದರು. ಅವುಗಳಲ್ಲಿ ಒಂದನ್ನು ನೆಟ್ಟವಳು ನಾನೇ. ಹೀಗೆ ಮಾಡಬೇಡಿ ಎನ್ನಲು ನನಗೆ ಬಾಯಿರಲಿಲ್ಲ, ಯಾಕೆಂದರೆ ಆ ಗಿಡ ನೆಟ್ಟದ್ದೇ ಒಂದು ಸುಳ್ಳಿನ ಮೇಲೆ.

ಸುಳ್ಳು ಮೊದಲು ನನ್ನದಲ್ಲ, ನನ್ನ ಅವ್ವನದು. ನಾನು ಹುಟ್ಟಿದ್ದು ಗದಗಿನ ಕಡೆ, ಮೂಲಾ ನಕ್ಷತ್ರದಲ್ಲಿ. ಆಶ್ಲೇಷಾ ಹುಡುಗಿ ಅತ್ತೆಗೆ ಆಗಿಬರುವುದಿಲ್ಲ, ಮೂಲಾ ಹುಡುಗಿ ಮಾವನಿಗೆ, ಜ್ಯೇಷ್ಠಾ ಭಾವನಿಗೆ, ವಿಶಾಖಾ ಮೈದುನನಿಗೆ. ಈ ಪಟ್ಟಿ ಬಾಯಿಪಾಠ ಬಾರದ ಗಂಡಿನ ಮನೆ ನಮ್ಮ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಬಂದ ಮೂರು ಸಂಬಂಧಗಳು ಜಾತಕ ನೋಡಿದ ಮೇಲೆ ಚಹಾ ಕುಡಿದು ಎದ್ದುಹೋದವು. ನಾಲ್ಕನೆಯದು ಬೆಂಗಳೂರಿನದು. ಹುಡುಗ ಒಳ್ಳೆಯವನು, ಓದಿದವನು, ಮನೆಯಲ್ಲಿ ತಾಯಿ ಇಲ್ಲ, ತಂದೆ ಒಬ್ಬರೇ. ಇರುವ ಒಬ್ಬ ಹಿರಿಯರೂ ಮಾವನೇ ಆಗಬೇಕೆ ಎಂದು ಅವ್ವ ಎರಡು ದಿನ ತಲೆಗೆ ಕೈಹೊತ್ತು ಕುಳಿತಳು. ಮೂರನೆಯ ದಿನ ಪರಿಚಯದ ಜೋಯಿಸರ ಬಳಿ ಹೋಗಿ ನನ್ನ ಹುಟ್ಟನ್ನು ಹನ್ನೆರಡು ದಿನ ಮುಂದಕ್ಕೆ ತಳ್ಳಿಸಿ, ರೋಹಿಣಿ ನಕ್ಷತ್ರ ಎಂದು ಹೊಸ ಜಾತಕ ಬರೆಸಿಕೊಂಡು ಬಂದಳು.

“ಯಾರರ ಕೇಳಿದ್ರ ರೋಹಿಣಿ ಅಂತ ಹೇಳು. ಉಳಿದದ್ದು ದೇವರು ನೋಡ್ಕೊಂತಾನ,” ಅಂದಳು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಅವ್ವ ಒಂದೇ ಸುಳ್ಳಿನಲ್ಲಿ ಮುಗಿಸಿದಳು. ಹನ್ನೆರಡು ದಿನ ಚಿಕ್ಕವಳಾಗಿ ನಾನು ಈ ಮನೆಗೆ ಬಂದೆ. ಗಂಡನಿಗೆ ಮೊದಲ ವರ್ಷವೇ ವಿಷಯ ಹೇಳಿದೆ. ಅವರು ಬಿದ್ದು ಬಿದ್ದು ನಕ್ಕು, ಅಪ್ಪನಿಗೆ ಮಾತ್ರ ಹೇಳಬೇಡ ಎಂದರು. ಆ ನಗುವಿಗಿಂತ ಕೊನೆಯ ಮಾತೇ ನನಗೆ ನೆನಪಿನಲ್ಲಿ ಉಳಿಯಿತು.

ನನ್ನ ಮಾವ ಯಶವಂತಪುರದಾಚೆಯ ಒಂದು ಯಂತ್ರದ ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವರು. ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ತಪ್ಪಿದ್ದರೂ ಪಕ್ಕಕ್ಕೆಸೆಯುವುದು ಅವರ ಕೆಲಸ. ನಿವೃತ್ತರಾದ ಮೇಲೂ ಅವರ ಜೇಬಿನಲ್ಲಿ ವರ್ನಿಯರ್ ಕ್ಯಾಲಿಪರ್ ಇರುತ್ತಿತ್ತು. ನಾನು ಮಾಡಿದ ಚಪಾತಿಯ ದಪ್ಪವನ್ನು ಒಮ್ಮೆ ಅದರಲ್ಲಿ ಅಳೆದು, ಅಂಚು ಬೇರೆ, ನಡು ಬೇರೆ ಎಂದು ಗಂಭೀರವಾಗಿ ವರದಿ ಕೊಟ್ಟಿದ್ದರು. ನಾನು ಲಟ್ಟಣಿಗೆಯನ್ನು ಅವರ ಕೈಗೇ ಕೊಟ್ಟೆ. ಅಂದಿನಿಂದ ಭಾನುವಾರದ ಚಪಾತಿ ಅವರದೇ.

ಅವರು ನನ್ನನ್ನು ಓದಿಸಿದರು. ಮದುವೆಯಾಗಿ ಬಂದಾಗ ನನ್ನದು ಬರೀ ಪದವಿಯಾಗಿತ್ತು. ಮುಂದೆ ಓದು ಎಂದು ಅರ್ಜಿ ತಂದುಕೊಟ್ಟವರು ಅವರೇ. ಮಳೆಗಾಲದಲ್ಲಿ ಬಸ್ಸು ಹೆಬ್ಬಾಳದಲ್ಲಿ ಸಿಕ್ಕಿಕೊಂಡು ತಡವಾದರೆ, ಬಳ್ಳಾರಿ ರಸ್ತೆಯ ಸ್ಟಾಪಿನಲ್ಲಿ ಕೊಡೆ ಹಿಡಿದು ನಿಂತಿರುತ್ತಿದ್ದರು. ನನ್ನ ಅಪ್ಪ ನಾನು ನಾಲ್ಕು ವರ್ಷದವಳಿದ್ದಾಗಲೇ ಹೋದವರು, ಮುಖ ಸರಿಯಾಗಿ ನೆನಪಿಲ್ಲ. ಅಪ್ಪ ಎನ್ನುವ ಪದ ಕೇಳಿದರೆ ನನ್ನ ಕಣ್ಣಿಗೆ ಬರುವುದು ಕೊಡೆ ಹಿಡಿದ ಈ ಮಾವನ ಮುಖವೇ.

ಹೀಗಿರುವವರಿಗೆ ಇಪ್ಪತ್ನಾಲ್ಕು ವರ್ಷ ಸುಳ್ಳು ಹೇಳಿಕೊಂಡು ಬಾಳಿದೆ. ನಕ್ಷತ್ರಗಳನ್ನು ನಾನು ನಂಬುವುದಿಲ್ಲ. ಆದರೆ ನಂಬದವರಿಗೂ ಹೆದರಿಕೆ ಇರಬಹುದು ಎಂದು ಈ ಮನೆಯಲ್ಲಿ ಕಲಿತೆ. ಮಾವ ಎರಡು ಸಲ ಕೆಮ್ಮಿದರೆ ನಾನು ಕಷಾಯಕ್ಕೆ ನೀರಿಡುತ್ತಿದ್ದೆ. ಪ್ರತಿ ವರ್ಷ ನನ್ನ ಹುಟ್ಟುಹಬ್ಬಕ್ಕೆ ಅವರು ದೇವಸ್ಥಾನಕ್ಕೆ ಹೋಗಿ ನನ್ನ ಹೆಸರಿನಲ್ಲಿ, ರೋಹಿಣಿ ನಕ್ಷತ್ರದಲ್ಲಿ ಅರ್ಚನೆ ಮಾಡಿಸುತ್ತಿದ್ದರು. ಆ ಪುಣ್ಯವೆಲ್ಲ ಊರಿನ ಯಾವ ರೋಹಿಣಿಗೆ ಹೋಗಿ ಸೇರುತ್ತಿತ್ತೋ ದೇವರಿಗೇ ಗೊತ್ತು. ನಾನು ಪ್ರಸಾದ ತಿಂದು ಸುಮ್ಮನಿರುತ್ತಿದ್ದೆ. ಗೊತ್ತಾದರೆ ಅವರು ಬೈಯುತ್ತಾರೆಂಬ ಭಯವಲ್ಲ ನನ್ನದು. ಅಳತೆಯಲ್ಲಿ ತಪ್ಪಿದ ಬಿಡಿಭಾಗದ ಹಾಗೆ ನನ್ನನ್ನು ಮನಸ್ಸಿನಲ್ಲೇ ಪಕ್ಕಕ್ಕೆ ಇಟ್ಟುಬಿಡುತ್ತಾರೆ ಎಂಬ ಭಯ.

ಏಳು ವರ್ಷದ ಹಿಂದೆ, ಅಮೃತಹಳ್ಳಿಯ ಕಡೆಗೆ ನಮ್ಮ ಬಡಾವಣೆ ಮುಗಿಯುವಲ್ಲಿ, ರಾಜಕಾಲುವೆಯ ಪಕ್ಕದ ಒಂದು ಖಾಲಿ ಜಾಗ ನಿವಾಸಿಗಳ ಸಂಘದ ಉಸ್ತುವಾರಿಗೆ ಬಂತು. ಒಡೆದ ಗೋಡೆಗಳ ಚೂರು, ಹಳೆ ಕಮೋಡು, ಪಾರ್ಥೇನಿಯಂ ಎಲ್ಲ ಸೇರಿ ಅಲ್ಲೊಂದು ಗುಡ್ಡವೇ ಆಗಿತ್ತು. ಅದನ್ನು ತೆಗೆಸಿ ಏನು ಮಾಡುವುದೆಂಬ ಸಭೆಯಲ್ಲಿ ಮಾವ ಎದ್ದು ನಿಂತು ನಕ್ಷತ್ರವನ ಮಾಡೋಣ ಎಂದರು. ಇಪ್ಪತ್ತೇಳು ನಕ್ಷತ್ರಕ್ಕೆ ಇಪ್ಪತ್ತೇಳು ಮರ ಎಂದು ಹಿರಿಯರು ಹೇಳಿದ್ದಾರಲ್ಲ, ರೋಹಿಣಿಗೆ ನೇರಳೆ, ಭರಣಿಗೆ ನೆಲ್ಲಿ, ಕೃತ್ತಿಕೆಗೆ ಅತ್ತಿ ಎಂದು. ಪ್ರತಿ ಮನೆಯಿಂದ ಒಬ್ಬರ ನಕ್ಷತ್ರದ ಗಿಡ ನೆಡಬೇಕು. ನೆಟ್ಟವರೇ ನೀರು ಹಾಕಬೇಕು. ಆ ನಕ್ಷತ್ರದವರು ಇಲ್ಲದಿದ್ದರೆ ಆ ಗಿಡ ಇಲ್ಲ. ದಿಕ್ಕಿಲ್ಲದ ಗಿಡ ನೆಟ್ಟು ಒಣಗಿಸುವುದು ಬೇಡ ಎಂಬುದು ಅವರ ನಿಯಮ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಇನ್ನೂ ಜೋರಾಗಿ ತಟ್ಟಿದೆ. ಇಪ್ಪತ್ತೇಳು ಜಾತಿ ಕಲೆತ ತೋಪು! ನನ್ನ ಪಾಠವೇ ಎದ್ದು ನಿಂತ ಹಾಗೆ ಅನ್ನಿಸಿತ್ತು.

ಮಾವ ಒಂದು ನೋಟ್‌ಬುಕ್ಕು ಹಿಡಿದು ಮನೆಮನೆಗೆ ಹೋಗಿ ಪಟ್ಟಿ ಮಾಡಿಕೊಂಡು ಬಂದರು. ನಮ್ಮ ಮನೆಯಿಂದ ಸೊಸೆಯದು, ಅಂದರೆ ನನ್ನದು, ಎಂದು ಮೊದಲೇ ಬರೆದಾಗಿತ್ತು. ಸಂಜೆ ಪಟ್ಟಿ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಸುಮಾರು ಅರವತ್ತು ಮನೆಗಳಲ್ಲಿ ಹದಿನಾಲ್ಕು ರೋಹಿಣಿ. ಮೂಲಾ ಒಂದೂ ಇಲ್ಲ. ಆಶ್ಲೇಷಾ ಇಲ್ಲ, ಜ್ಯೇಷ್ಠಾ ಇಲ್ಲ, ವಿಶಾಖಾ ಇಲ್ಲ. ಚಂದ್ರ ಆಕಾಶದಲ್ಲಿ ಎಲ್ಲ ನಕ್ಷತ್ರದ ಮನೆಯಲ್ಲೂ ಹೆಚ್ಚುಕಡಿಮೆ ಒಂದೊಂದು ದಿನ ಇರುತ್ತಾನೆ. ನಮ್ಮ ಬಡಾವಣೆಯ ಮೇಲೆ ಮಾತ್ರ ರೋಹಿಣಿಯಲ್ಲೇ ಠಿಕಾಣಿ ಹೂಡಿದ್ದನೇನೋ. ಮದುವೆಗೆ ಬಂದ ಹೆಣ್ಣುಮಕ್ಕಳಿದ್ದ ಮನೆಗಳ ಹೆಸರನ್ನು ಬೆರಳಿಟ್ಟು ನೋಡಿದೆ. ಎಲ್ಲ ಅವ್ವಂದಿರೂ ನನ್ನ ಅವ್ವನ ಹಾಗೆಯೇ ಯೋಚಿಸಿದ್ದರು. ನಾಳೆ ಗಿಡದ ಮುಂದೆ ಹೆಸರಿನ ಫಲಕ ಹಾಕುತ್ತಾರೆ, ವಾಕಿಂಗಿಗೆ ಬಂದವರೆಲ್ಲ ಓದುತ್ತಾರೆ, ಯಾಕೆ ಬೇಕು ಉಸಾಬರಿ!

ಮಾವನಿಗೆ ಇದು ಹೊಳೆಯಲೇ ಇಲ್ಲ. ಎಂಥ ಒಳ್ಳೆ ನಕ್ಷತ್ರದವರೇ ಬಂದು ಸೇರಿದ್ದಾರೆ ನೋಡು ನಮ್ಮಲ್ಲಿ ಎಂದು ಹೆಮ್ಮೆಪಟ್ಟರು. ಖಾಲಿ ಉಳಿದ ನಾಲ್ಕು ನಕ್ಷತ್ರಗಳ ಜಾಗವನ್ನೂ ಪೂರ್ವದ ಮೂಲೆಗೆ ಸೇರಿಸಿ ರೋಹಿಣಿಗಳಿಗೆ ಬಿಟ್ಟುಕೊಟ್ಟರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ಒಂದೇ ಜಾತಿಯನ್ನು ಹೀಗೆ ಒತ್ತೊತ್ತಾಗಿ ನೆಡಬಾರದು ಎಂದು ಬಾಯಿ ತೆರೆದರೆ, ಹಾಗಾದರೆ ಯಾರ ಗಿಡ ಬಿಡೋಣ ಎನ್ನುವ ಪ್ರಶ್ನೆ ಬರುತ್ತಿತ್ತು. ಬಾಯಿ ಮುಚ್ಚಿಕೊಂಡು ನನ್ನ ನೇರಳೆ ಗಿಡ ನೆಟ್ಟೆ.

ಎಲ್ಲ ಗಿಡಗಳೂ ಒಂದೇ ನರ್ಸರಿಯಿಂದ, ಒಂದೇ ಟೆಂಪೋದಲ್ಲಿ, ಒಂದೇ ದಿನ ಬಂದವು. ಹದಿಮೂರು ನೇರಳೆ ಮೂಲೆಯಲ್ಲಿ ನಿಂತವು. ಹದಿನಾಲ್ಕನೆಯ ಮನೆಯವರು ಯಾವುದೋ ಮದುವೆ ಮುಗಿಸಿ ಸಂಜೆ ಬಂದರು. ಮೂಲೆಯಲ್ಲಿ ಆಗಲೇ ಕಾಲಿಡಲು ಜಾಗವಿರಲಿಲ್ಲ. ಅವರದನ್ನು ಈಚೆ ತಂದು ಕದಂಬ ಮತ್ತು ಬೇವಿನ ನಡುವೆ ನೆಟ್ಟೆವು. ಅವರು ಸ್ವಲ್ಪ ಮುನಿಸಿಕೊಂಡೇ ನೀರು ಹಾಕಿದರು.

ಮೊದಲ ಎರಡು ವರ್ಷ ಎಲ್ಲರೂ ಫೋಟೊ ತೆಗೆದದ್ದು ರೋಹಿಣಿ ಮೂಲೆಯದ್ದೇ. ಒಂದೇ ಎತ್ತರ, ಒಂದೇ ಹಸಿರು, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ. ಉಳಿದ ಕಡೆ ಕದಂಬ ತಾಳೆತ್ತರ ಓಡುತ್ತಿತ್ತು, ಹಿಪ್ಪೆ ಮಂಡಿಯ ಹತ್ತಿರವೇ ನಿಂತಿತ್ತು, ನೆಲ್ಲಿ ಒಂದು ಕಡೆ ವಾಲಿತ್ತು, ಬಿದಿರು ಕಂಡ ಕಂಡಲ್ಲಿ ಮೊಳೆ ಹಾಕುತ್ತಿತ್ತು. ನೋಡಲು ಸಂತೆಯ ಹಾಗಿತ್ತು. ಪ್ರತಿ ವರ್ಷ ಮಳೆ ಮುಗಿದ ಮೇಲೆ ಮಾವ ಮತ್ತು ನಾನು ಅಳತೆಗೆ ಹೋಗುತ್ತಿದ್ದೆವು. ಎದೆಮಟ್ಟದಲ್ಲಿ ಒಂದು ಬಿಳಿ ಗೆರೆ ಬಳಿದು, ಪ್ರತಿ ಸಲ ಅದೇ ಜಾಗದಲ್ಲಿ ಅವರು ಕ್ಯಾಲಿಪರ್ ಹಿಡಿದು ಓದುತ್ತಿದ್ದರು, ನಾನು ಬರೆಯುತ್ತಿದ್ದೆ. ಕಾಂಡಗಳು ಕ್ಯಾಲಿಪರಿನ ಬಾಯಿಗೆ ಹಿಡಿಸದಷ್ಟು ದಪ್ಪವಾದಾಗ ದರ್ಜಿಯ ಟೇಪು ತಂದರು. ಅದರ ಮೇಲೆ ಅವರಿಗೆ ಪೂರ್ತಿ ಗೌರವ ಎಂದೂ ಬರಲಿಲ್ಲ.

ಮೂರನೆಯ ವರ್ಷದಿಂದ ನೋಟ್‌ಬುಕ್ಕಿನ ಧಾಟಿ ಬದಲಾಯಿತು. ಸಂತೆಯ ಕಡೆ ಎಲ್ಲವೂ ದಪ್ಪವಾಗತೊಡಗಿದವು. ಕದಂಬದ ನೆರಳಿನಲ್ಲಿ ಹಿಪ್ಪೆ ಚೇತರಿಸಿಕೊಂಡಿತು. ಅತ್ತಿಯ ಹಣ್ಣಿಗೆ ಹಕ್ಕಿ ಬಂದವು, ಬಂದ ಹಕ್ಕಿ ಪಕ್ಕದ ಗಿಡದ ಹುಳುವನ್ನೂ ತಿಂದವು. ಬಗೆಬಗೆಯ ಎಲೆ ಬಿದ್ದು ಕೊಳೆತು, ಕಟ್ಟಡದ ಚೂರು ತುಂಬಿದ್ದ ನೆಲ ಕಾಲಿಟ್ಟರೆ ಮೆತ್ತಗಾಗುವಷ್ಟು ಬದಲಾಯಿತು. ರೋಹಿಣಿ ಮೂಲೆಯಲ್ಲಿ ಮಾತ್ರ ಹದಿಮೂರೂ ಗಿಡಗಳು ಒಂದೇ ಎತ್ತರದಲ್ಲಿ ಒಂದೇ ಬೆಳಕಿಗೆ ಕತ್ತು ಚಾಚಿ, ಬಡಕಲಾಗಿ ಉದ್ದವಾದವು. ಕೆಳಗಿನ ಕೊಂಬೆ ಒಣಗಿದವು. ತೋಟ ನೋಡಿಕೊಳ್ಳಲು ಅಮೃತಹಳ್ಳಿಯಿಂದ ಬರುವ ಹೆಂಗಸು ಒಂದು ದಿನ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತು, ನಾನು ಒಂದು ತರಗತಿ ಪೂರ್ತಿ ಹೇಳುವುದನ್ನು ಎರಡು ಮಾತಿನಲ್ಲಿ ಹೇಳಿದಳು.

“ಇವೆಲ್ಲಾ ಒಂದೇ ತಟ್ಟೆಗೆ ಕೈ ಆಕ್ತವೆ ಕಣಮ್ಮೋ. ಒಟ್ಟೆ ಎಂಗೆ ತುಂಬ್ತದೆ?”

ಮಾವ ಒಪ್ಪಲಿಲ್ಲ. ಮಣ್ಣು ಸರಿಯಿಲ್ಲ, ನೀರು ಸಾಲದು, ನರ್ಸರಿಯವನು ಮೋಸ ಮಾಡಿದ ಎಂದು ಒಂದೊಂದು ವರ್ಷ ಒಂದೊಂದು ಕಾರಣ ಹುಡುಕಿದರು. ನಾನು ಅವರನ್ನು ಆ ಹದಿನಾಲ್ಕನೆಯ ನೇರಳೆಯ ಹತ್ತಿರ ಕರೆದೊಯ್ದೆ. ಕದಂಬ, ಬೇವಿನ ನಡುವಿನ ಅದೇ ಮುನಿಸಿನ ಗಿಡ. ಅದೇ ನರ್ಸರಿ, ಅದೇ ಟೆಂಪೋ, ಅದೇ ದಿನ. ಸುತ್ತಳತೆ ಮೂಲೆಯ ಯಾವ ನೇರಳೆಗಿಂತಲೂ ಒಂದು ಗೇಣು ಹೆಚ್ಚು. ಮಾವ ಟೇಪನ್ನು ನಂಬದೆ ದಾರ ಸುತ್ತಿ ಸ್ಕೇಲಿನಲ್ಲಿ ಅಳೆದರು. ಮೂರು ಸಲ ಅಳೆದ ಮೇಲೆ ಬರೆದುಕೋ ಎಂದರು. ಕಾರ್ಖಾನೆಯ ಇನ್ಸ್‌ಪೆಕ್ಟರು ಯಾರ ಮಾತನ್ನಾದರೂ ತಳ್ಳಿಹಾಕಿಯಾರು, ಅಳತೆಯನ್ನು ತಳ್ಳಿಹಾಕಲಾರರು.

ಐದನೆಯ ವರ್ಷ ಹುಳ ಬಿತ್ತು. ಎಲೆ ತಿನ್ನುವ ಹುಳಕ್ಕೆ ಒಂದು ನೇರಳೆಯಿಂದ ಇನ್ನೊಂದಕ್ಕೆ ಹೋಗಲು ಬಸ್ಸು ಬದಲಿಸುವ ಶ್ರಮವೂ ಇರಲಿಲ್ಲ. ಹದಿಮೂರೂ ಗಿಡಗಳು ಹದಿನೈದು ದಿನದಲ್ಲಿ ಬೋಳಾದವು. ಅತ್ತ ಕದಂಬದ ಪಕ್ಕದ ನೇರಳೆಯ ಎಲೆಯಲ್ಲಿ ಅಲ್ಲೊಂದು ಇಲ್ಲೊಂದು ತೂತು, ಅಷ್ಟೇ. ಮೂಲೆಯ ಗಿಡಗಳು ಮತ್ತೆ ಚಿಗುರಿದವಾದರೂ ಮೈ ಕೈ ತುಂಬಿಕೊಳ್ಳಲಿಲ್ಲ. ಆಗ ಸಂಘದ ಅಧ್ಯಕ್ಷರು ಒಂದು ಬಣ್ಣದ ಕರಪತ್ರ ಹಿಡಿದು ಬಂದರು. ಪೂರ್ವದ ಮೂಲೆ ಹೇಗೂ ದಂಡ, ಬೋಳಿಸಿ ಟೈಲ್ಸ್ ಹಾಕಿಸಿ ಓಪನ್ ಜಿಮ್ ಮಾಡಿಬಿಡೋಣ, ಮುಂದಿನ ಭಾನುವಾರದ ಸಭೆಯಲ್ಲಿ ತೀರ್ಮಾನ ಎಂದರು.

ಮಾವನ ಮುಖ ನೋಡಲಾಗಲಿಲ್ಲ. ಮಧ್ಯಾಹ್ನ ನೋಟ್‌ಬುಕ್ಕು ತೆರೆದುಕೊಂಡು ಕುಳಿತರು, ಉಪಾಯ ಇದೆಯೇ ಎಂದು ನನ್ನನ್ನು ಕೇಳಿದರು. ಇತ್ತು. ಮೂಲೆಯ ಅರ್ಧ ನೇರಳೆಗಳನ್ನು ಮಣ್ಣಿನ ಸಮೇತ ಎತ್ತಿ ಕೆರೆದಂಡೆಗೆ ಸಾಗಿಸಬೇಕು, ತೆರವಾದ ಕಡೆ ಬೇರೆ ಜಾತಿಯವನ್ನು ಸೇರಿಸಬೇಕು. ಅದರಲ್ಲೂ ಎಳೆಯದರಲ್ಲಿ ನೆರಳು ಬೇಡುವ ಗಿಡಗಳು ಬೇಕು. ಉಳಿದ ನೇರಳೆಗಳು ಅವಕ್ಕೆ ಕೊಡೆಯಾಗುತ್ತವೆ, ನೇರಳೆಗೂ ಉಸಿರಾಡಲು ಜಾಗ ಸಿಗುತ್ತದೆ. ಅಂಥ ಗಿಡ ಯಾವುದು ಎಂದು ಅವರು ಕೇಳಿದರು. ನಾನು ಬೇಕೆಂದೇ ಹೇಳಿದೆನೋ, ಬಾಯಿ ತಪ್ಪಿ ಬಂತೋ ಇವತ್ತಿಗೂ ಗೊತ್ತಿಲ್ಲ. ಧೂಪದ ಮರ ಮತ್ತು ನಾಗಸಂಪಿಗೆ ಎಂದೆ. ಧೂಪ ಮೂಲಾ ನಕ್ಷತ್ರದ್ದು. ನಾಗಸಂಪಿಗೆ ಆಶ್ಲೇಷಾದ್ದು.

ಮಾವ ನೋಟ್‌ಬುಕ್ಕು ಮಡಿಸಿದರು. ಆ ನಕ್ಷತ್ರದವರು ನಮ್ಮಲ್ಲಿ ಇಲ್ಲವಲ್ಲ, ನಿಯಮ ಮಾಡಿದವನೇ ಹೇಗೆ ಮುರಿಯಲಿ ಎಂದರು. ಅದೂ ಅಲ್ಲದೆ ಯಾರ ನೇರಳೆ ಕೀಳುವುದು? ತಮ್ಮ ಜನ್ಮನಕ್ಷತ್ರದ ಮರವನ್ನು ಕೀಳಿಸಲು ಯಾವ ಮನೆಯವರು ಒಪ್ಪುತ್ತಾರೆ? ಆಗಲಿ ಬಿಡಮ್ಮಾ, ಜಿಮ್ಮೇ ಆಗಲಿ ಎಂದು ಎದ್ದರು. ಐದು ವರ್ಷ ಪ್ರತಿ ಸಂಜೆ ಆ ಜಾಗಕ್ಕೆ ಹೋಗಿ ಬಂದವರು, ಅಂದು ಸಂಜೆ ಚಪ್ಪಲಿ ಹಾಕಿಕೊಂಡು ಬಾಗಿಲ ತನಕ ಹೋಗಿ ಹಿಂದಿರುಗಿ ಬಂದು ಟಿವಿ ಮುಂದೆ ಕುಳಿತರು. ಟಿವಿ ಹಾಕಿರಲಿಲ್ಲ.

ನನಗೆ ಅದನ್ನು ನೋಡಿಕೊಂಡು ಇರಲಾಗಲಿಲ್ಲ. ಶನಿವಾರ ಬೆಳಿಗ್ಗೆ ಒಂದು ಸಲ ಅಳೆದು ಬರೋಣ ಬನ್ನಿ ಎಂದು ಅವರನ್ನು ಹೊರಡಿಸಿದೆ. ಜಕ್ಕೂರಿನ ಪುಟ್ಟ ವಿಮಾನವೊಂದು ತಲೆಯ ಮೇಲೆ ಗುರ್ರೆಂದು ಸುತ್ತುತ್ತಿತ್ತು. ಅದು ದೂರ ಹೋಗಲಿ ಎಂದು ಕಾದೆ. ನನ್ನ ಹೆಸರಿನ ಫಲಕವಿದ್ದ ನೇರಳೆಯ ಮುಂದೆ ನಿಂತೆ.

“ಮಾವ, ಇದನ್ನ ಮೊದಲು ಎತ್ತಿಸಿ. ಇದು ನನ್ನ ಗಿಡ ಅಲ್ಲ,” ಅಂದೆ. “ನಾನು ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ.”

ಉಳಿದದ್ದನ್ನು ಒಂದೇ ಉಸಿರಿಗೆ ಹೇಳಿದೆ. ಮೂರು ಸಂಬಂಧ ತಪ್ಪಿದ್ದು, ಜೋಯಿಸರು, ಹನ್ನೆರಡು ದಿನ, ಅವ್ವ ಹೇಳಿದ್ದು, ನಾನು ಒಪ್ಪಿದ್ದು. ಅವ್ವನ ಮೇಲೆ ಹೊರಿಸಬಾರದೆಂದು, ಮದುವೆಯಾದ ಮರುದಿನವೇ ನಾನು ಹೇಳಬಹುದಿತ್ತು, ಹೇಳಲಿಲ್ಲ ಎಂದೂ ಸೇರಿಸಿದೆ. ಮಾವ ನನ್ನ ಮುಖ ನೋಡಲಿಲ್ಲ. ಟೇಪನ್ನು ನಿಧಾನವಾಗಿ ಸುರುಳಿ ಸುತ್ತಿ ಜೇಬಿಗಿಟ್ಟುಕೊಂಡು, ಮನೆಯ ಕಡೆ ನಡೆದರು. ನಾನು ಹತ್ತು ಹೆಜ್ಜೆ ಹಿಂದೆ ಬಂದೆ. ಊಟಕ್ಕೆ ಕುಳಿತರು, ಮಜ್ಜಿಗೆ ಕೇಳಲಿಲ್ಲ. ಅವರು ಮಜ್ಜಿಗೆ ಕೇಳದೆ ಎದ್ದ ಊಟ ನನಗೆ ನೆನಪಿಲ್ಲ. ಗಂಡ ಅಡುಗೆಮನೆಗೆ ಬಂದು ಏನಾಯ್ತು ಎಂದು ಸನ್ನೆಯಲ್ಲಿ ಕೇಳಿದರು. ಹೇಳಿಬಿಟ್ಟೆ ಎಂದೆ. ಅವರು ತಲೆಯ ಮೇಲೆ ಕೈಯಿಟ್ಟುಕೊಂಡು ಹೊರಟುಹೋದರು. ಸಹಾಯಕ್ಕೆ ಒದಗುವ ಗಂಡ ಎಂದರೆ ಹೀಗಿರಬೇಕು.

ಭಾನುವಾರದ ಸಭೆ ವನದಲ್ಲೇ, ಕದಂಬದ ಕೆಳಗೆ. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ನಲವತ್ತು ಜನ ಇದ್ದರು. ಅಧ್ಯಕ್ಷರು ಕರಪತ್ರ ಬಿಡಿಸಿ ಯಾವ ಯಂತ್ರದಲ್ಲಿ ಸೊಂಟ ಹೇಗೆ ತಿರುಗುತ್ತದೆ ಎಂದು ತೋರಿಸಿದರು. ನಾನು ಎದ್ದು ನನ್ನ ಉಪಾಯ ಹೇಳಿದೆ, ಮುನಿಸಿನ ನೇರಳೆಯ ಅಳತೆಯನ್ನೂ ಓದಿದೆ. ಎಲ್ಲರಿಗೂ ಅರ್ಥವಾಯಿತು, ಯಾರೂ ಒಪ್ಪಲಿಲ್ಲ. ಮೂಲೆಯಲ್ಲಿ ಗಿಡವಿದ್ದ ಹನ್ನೆರಡು ಮನೆಯವರೂ ನೆಲ ನೋಡಿಕೊಂಡು ಕುಳಿತರು. ಒಬ್ಬ ತಾಯಿ ಮಾತ್ರ, ಮಗಳ ನಕ್ಷತ್ರದ ಮರ ಕಿತ್ತರೆ ಶ್ರೇಯಸ್ಸಲ್ಲ ಕಣ್ರೀ, ಬೇರೆ ಯಾರದಾದರೂ ಕೀಳಿ ಎಂದರು. ಹಾಗೆಯೇ ಎಲ್ಲರೂ ಬೇರೆ ಯಾರದಾದರೂ ಎಂದು ತಲೆಯಾಡಿಸಿದರು. ಅಧ್ಯಕ್ಷರು ಕೈಯೆತ್ತಿ ಎನ್ನುವ ಹೊತ್ತಿಗೆ ಮಾವ ಕುರ್ಚಿಯ ತೋಳು ಹಿಡಿದು ಎದ್ದರು. ಎದ್ದು ನೇರವಾಗಿ ನಿಲ್ಲಲು ಸ್ವಲ್ಪ ಹೊತ್ತು ತೆಗೆದುಕೊಂಡರು.

“ನನ್ನ ಸೊಸೇದು ಮೂಲಾ ನಕ್ಷತ್ರ,” ಅಂದರು. “ಇಪ್ಪತ್ನಾಲ್ಕು ವರ್ಷದಿಂದ ನಮ್ಮನೇಲಿದ್ದಾಳೆ. ನನಗೀಗ ಎಂಬತ್ತೆರಡು.”

ಅಷ್ಟು ಹೇಳಿ ಕುಳಿತುಬಿಟ್ಟರು.

ಮೊದಲು ನಕ್ಕವಳು ತೋಟದ ಹೆಂಗಸು. ಸೆರಗು ಬಾಯಿಗೆ ಹಿಡಿದು ಆಚೆ ತಿರುಗಿ ನಕ್ಕಳು. ಅದು ಒಬ್ಬರಿಂದ ಒಬ್ಬರಿಗೆ ಹತ್ತಿ, ಅಧ್ಯಕ್ಷರ ತನಕ ಹೋಯಿತು. ನಗು ನಿಂತ ಮೇಲೆ ನೋಡಿದರೆ ಕೈಯೆತ್ತಿಸುವ ಮಾತೇ ಯಾರಿಗೂ ನೆನಪಿರಲಿಲ್ಲ. ನನಗೆ ಮಾತ್ರ ನಗು ಬರಲಿಲ್ಲ. ಮಾವ ನನ್ನ ಪರವಾಗಿ ಎದ್ದು ನಿಂತಿದ್ದರು, ಆದರೆ ಒಂದು ಸಲವೂ ನನ್ನ ಕಡೆ ತಿರುಗಿರಲಿಲ್ಲ.

ಸಂಜೆಯಿಂದ ನಮ್ಮ ಮನೆಯ ಬೆಲ್ಲು ಬಡಿಯತೊಡಗಿತು. ಸಭೆಯಲ್ಲಿ ಶ್ರೇಯಸ್ಸಿನ ಮಾತಾಡಿದ ತಾಯಿ ಕರಿಬೇವು ಕೇಳುವ ನೆಪದಲ್ಲಿ ಬಂದು, ಬಾಗಿಲು ಮುಂದಕ್ಕೆ ಹಾಕಿ, ನಮ್ಮವಳದು ಆಶ್ಲೇಷಾ ಕಣ್ರೀ, ಹೋದ ವರ್ಷ ಮದುವೆ ಆಯ್ತಲ್ಲ, ಇನ್ನೇನು ಎಂದರು. ಒಬ್ಬ ಯಜಮಾನರು ಹಳೆಯ ಪಂಚಾಂಗದಲ್ಲಿ ತಪ್ಪಾಗಿತ್ತು, ಈಗ ಮೊಬೈಲಿನಲ್ಲಿ ನೋಡಿದರೆ ಜ್ಯೇಷ್ಠಾ ಬರುತ್ತಿದೆ ಎಂದರು. ಇನ್ನೊಂದು ಮನೆಯ ಮಗಳು ತಾನೇ ಬಂದು, ಆಂಟಿ ನಂದು ಮೂಲಾ, ಅಮ್ಮನಿಗೆ ನಾನು ಹೇಳ್ಕೋತೀನಿ ಎಂದು ಕೈ ಕುಲುಕಿ ಹೋದಳು. ಕತ್ತಲಾಗುವುದರೊಳಗೆ ಬಡಾವಣೆಯ ರೋಹಿಣಿಗಳು ಎಂಟಕ್ಕೆ ಇಳಿದಿದ್ದರು. ಮಾವ ಒಂದೊಂದನ್ನೂ ನೋಟ್‌ಬುಕ್ಕಿನಲ್ಲಿ ಹೊಡೆದುಹಾಕಿ ತಿದ್ದಿದರು. ಬಂದವರ ಜೊತೆ ನಗುತ್ತಲೇ ಮಾತಾಡಿದರು. ನನ್ನೊಂದಿಗೆ ಬೇಕಾದಷ್ಟೇ.

ಮರ ಎತ್ತಲು ಬೇಕಾದ ಅನುಮತಿಯ ಕಾಗದಕ್ಕೆ ಓಡಾಡುವುದರಲ್ಲಿ ಮೂರು ವಾರ ಹೋಯಿತು. ಆರು ನೇರಳೆಗಳು ಬೇರಿನ ಮುದ್ದೆಗೆ ಗೋಣಿ ಸುತ್ತಿಸಿಕೊಂಡು ಕೆರೆದಂಡೆಗೆ ಹೋದವು. ನಾಲ್ಕು ಬದುಕಿದವು, ಎರಡು ಹೋದವು. ಆ ಮೂರು ವಾರವೂ ಮಾವ ಹಾಗೇ ಇದ್ದರು. ಭಾನುವಾರದ ಚಪಾತಿ ಮಾಡಿದರು, ಪೇಪರು ಓದಿದರು, ಅಂಚು ನಡು ಯಾವುದನ್ನೂ ಅಳೆಯಲಿಲ್ಲ. ಪಕ್ಕಕ್ಕೆ ಇಟ್ಟುಬಿಟ್ಟರು ಎಂದೇ ನಾನು ತಿಳಿದೆ. ಕಾಲೇಜಿನಲ್ಲಿ ಪಾಠ ಮಾಡುವಾಗ ಎರಡು ಸಲ ಮಧ್ಯದಲ್ಲಿ ಮಾತು ಮರೆತುಹೋಯಿತು.

ಸೋನೆಮಳೆ ಹಿಡಿದ ಒಂದು ಬೆಳಿಗ್ಗೆ ಧೂಪದ ಸಸಿ ನೆಡಲು ಹೋದೆವು. ಎರಡು ನೇರಳೆಗಳ ನಡುವೆ, ಅವುಗಳ ನೆರಳು ಬೀಳುವ ಕಡೆ ಗುಂಡಿ ತೆಗೆಸಿದ್ದೆ. ಮಾವ ಸಸಿಯನ್ನು ನೆಟ್ಟಗೆ ಹಿಡಿದು ನಿಂತರು. ನಾನು ಮಂಡಿಯೂರಿ ಮಣ್ಣು ತುಂಬುತ್ತಿದ್ದೆ.

“ನನಗೆ ಡೆಂಗಿ ಬಂದಿತ್ತಲ್ಲ, ಆಗ ನೀನು ಹೆದರಿದ್ಯಾ?” ಎಂದು ಮೇಲಿನಿಂದ ಕೇಳಿದರು.

ನಾನು ತಲೆ ಎತ್ತದೆ ಹೂಂ ಎಂದೆ. ಮಂಡಿ ಆಪರೇಷನ್ ಆದಾಗಲೂ? ಆಗಲೂ. ಬಚ್ಚಲಲ್ಲಿ ಜಾರಿದಾಗ? ಆಗಂತೂ ಬಹಳ ಮಾವ, ಎಂದೆ. ಮಣ್ಣು ತುಂಬಿ ಮುಗಿದಿದ್ದರೂ ಸಸಿಯನ್ನು ಬಿಡದೆ ಹಿಡಿದೇ ನಿಂತಿದ್ದರು. ತಲೆ ಎತ್ತಿ ನೋಡಿದರೆ ಅವರ ಕಣ್ಣು ತುಂಬಿತ್ತು. ಇಷ್ಟು ದಿನದ ಮೌನ ಸಿಟ್ಟಿನದಲ್ಲ ಎಂದು ನನಗೆ ಆಗ ಗೊತ್ತಾಯಿತು.

“ಇಷ್ಟು ವರ್ಷ ಒಬ್ಬಳೇ ಹೆದರಿಕೊಂಡು ಕೂತಿದ್ಯಲ್ಲಮ್ಮಾ,” ಅಂದರು. “ಒಂದು ಮಾತು ನನಗೆ ಹೇಳಿದ್ರೆ, ಬಿಪಿ ಮಾತ್ರೆನಾದ್ರೂ ಸರಿಯಾಗಿ ನುಂಗ್ತಿದ್ದೆ.”

ಅವರು ವಾರಕ್ಕೆ ಮೂರು ದಿನ ಮಾತ್ರೆಯನ್ನು ಕಿಟಕಿಯಾಚೆ ಎಸೆಯುತ್ತಿದ್ದರೆಂದು ಹೊರಬಿದ್ದದ್ದು ಹಾಗೆ. ಮಣ್ಣಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ, ಅಳುತ್ತಲೇ ಅವರಿಗೆ ಚೆನ್ನಾಗಿ ಬೈದೆ. ಮದುವೆಯಾಗಿ ಬಂದ ಮೇಲೆ ಮಾವನಿಗೆ ನಾನು ಬೈದದ್ದು ಅದೇ ಮೊದಲು. ಅವರು ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡರು.

ಎರಡು ಮಳೆಗಾಲ ಕಳೆದಿವೆ. ಪೂರ್ವದ ಮೂಲೆಯಲ್ಲಿ ಉಳಿದ ಏಳು ನೇರಳೆಗಳು ಕೊನೆಗೂ ದಪ್ಪವಾಗುತ್ತಿವೆ. ಅವುಗಳ ಕೆಳಗೆ ನಾಗಸಂಪಿಗೆ ಕೆಂಪು ಚಿಗುರು ಬಿಟ್ಟಿದೆ. ಧೂಪ ನಿಧಾನದ ಮರ. ಇನ್ನೂ ನನ್ನ ಸೊಂಟದ ಎತ್ತರ ದಾಟಿಲ್ಲ. ಎದೆಮಟ್ಟದಲ್ಲಿ ಬಿಳಿ ಗೆರೆ ಎಳೆದು ಅಳೆಯುವಂತಾಗಲು ಎಷ್ಟು ವರ್ಷ ಬೇಕು ಎಂದು ಮಾವ ಕೇಳಿದರು. ಸರಿಯಾಗಿ ಹೇಳಲಾಗದು, ಇನ್ನೂ ಐದಾರು ವರ್ಷ ಆದೀತು ಎಂದೆ. ಅವರು ಬೆರಳು ಮಡಿಸಿ ಲೆಕ್ಕ ಹಾಕಿಕೊಂಡು, ಆಗಲಿ ಎಂದರು. ಈಗ ಬೆಳಿಗ್ಗೆ ತಿಂಡಿಯಾದ ಮೇಲೆ ತಾವಾಗಿಯೇ ಅಡುಗೆಮನೆಗೆ ಬಂದು, ನನ್ನೆದುರು ಮಾತ್ರೆ ನುಂಗಿ, ಇನ್ಸ್‌ಪೆಕ್ಷನ್ನಿಗೆ ಬಾಯಿ ತೆರೆದು ತೋರಿಸಿ ಹೋಗುತ್ತಾರೆ.